ಹುಚ್ಚಮ್ಮನವರ ಎರಡು ಮಾತ್ರೆ

ನಮ್ಮೂರಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಶುರುವಾಗುವುದು ಔಷಧಿಯಲ್ಲ, ಜಗಳ. ಸರ್ಕಾರಿ ಆಸ್ಪತ್ರೆಗೆ ಹೋಗೋಣ ಅಂತ ಒಬ್ಬರು, ಖಾಸಗಿ ಡಾಕ್ಟರ ಹತ್ತಿರ ಹೋಗೋಣ ಅಂತ ಇನ್ನೊಬ್ಬರು. ಜ್ವರ ಬಂದವರು ಕಂಬಳಿ ಹೊದ್ದು ಇಬ್ಬರ ಮುಖವನ್ನೂ ನೋಡುತ್ತಾ ಮಲಗಿರುತ್ತಾರೆ. ನಾನು ಮಂಜುಳಾ, ಹಾರನಹಳ್ಳಿ ಹತ್ತಿರದ ಈ ಊರಿನ ಆಶಾ ಕಾರ್ಯಕರ್ತೆ. ಹನ್ನೊಂದು ವರ್ಷದಿಂದ ಈ ಜಗಳದಲ್ಲಿ ನಾನು ಸರ್ಕಾರದ ಕಡೆ. ವಾದದಲ್ಲಿ ಸೋಲುವುದು ನನಗೆ ಆಗಿಬರುವುದಿಲ್ಲ. ಆ ಹಟದಿಂದ ಏನಾಯಿತು ಅನ್ನುವುದನ್ನೇ ಇವತ್ತು ಹೇಳುತ್ತೇನೆ.

ನನ್ನ ಎದುರು ಪಕ್ಷ ಅಂದರೆ ನಂಜುಂಡಯ್ಯನವರು. ತೆಂಗಿನ ತೋಟ, ರಾಗಿ ಹೊಲ ಇರುವ ಒಳ್ಳೆಯ ಮನುಷ್ಯ. ಆದರೆ ಸರ್ಕಾರಿ ಮಾತ್ರೆ ಅಂದರೆ ಮೂಗು ಮುರಿಯುತ್ತಾರೆ. ನಾನು ಅವರ ಜಗಲಿಯ ಮೇಲೆ ಕೂತ ಕೂಡಲೇ ಮಾತು ಅಲ್ಲಿಗೇ ಬರುತ್ತಿತ್ತು.

"ಪುಕ್ಕಟೆ ಕೊಡೋ ಮಾತ್ರೇಲಿ ಏನೈತೆ ಹೇಳು ಮಂಜುಳಾ. ಬರೀ ಸುಣ್ಣ."

"ಹಂಗಾದ್ರೆ ನಿಮ್ಮ ಮೊಮ್ಮಗೀಗೆ ಲಸಿಕೆ ಎಲ್ಲಿ ಹಾಕ್ಸಿದ್ರಿ ಯಜಮಾನ್ರೇ?"

"ಅದು ಬೇರೆ."

"ಏನ್ ಬೇರೆ?"

"ಬೇರೆ ಅಂದ್ರೆ ಬೇರೆ ಕಣಮ್ಮ. ನಿಮ್ ಆಸ್ಪತ್ರೇಲಿ ಅರ್ಧ ದಿನ ನಿಲ್ಬೇಕು. ಅಷ್ಟೊತ್ತು ನಿಂತ ಮೇಲೆ ಡಾಕ್ಟ್ರು ಮೀಟಿಂಗ್‌ಗೆ ಹೋಗವ್ರೆ ಅಂತಾರೆ. ಅರಸೀಕೆರೆ ಲಕ್ಷ್ಮೀಶ ಡಾಕ್ಟ್ರು ನೋಡು, ಪಕ್ಕದಲ್ಲಿ ಕೂರಿಸ್ಕೊಂಡು ಕೇಳ್ತಾರೆ."

ಅವರು ಹೇಳುವುದರಲ್ಲಿ ಸುಳ್ಳಿರಲಿಲ್ಲ. ಆದರೂ ನಾನು ಒಪ್ಪುತ್ತಿರಲಿಲ್ಲ. ಅವರ ಹೆಂಡತಿ ಹುಚ್ಚಮ್ಮನವರು ಇಬ್ಬರಿಗೂ ಒಂದೊಂದು ಲೋಟ ಮಜ್ಜಿಗೆ ತಂದಿಟ್ಟು, "ಇಬ್ರು ಹೇಳೋದೂ ಸರಿಯಾಗೈತೆ, ಕುಡೀರಿ" ಅನ್ನುತ್ತಿದ್ದರು. ಯಾರ ಮನಸ್ಸನ್ನೂ ನೋಯಿಸದ ಹೆಂಗಸು. ಮೊರದಲ್ಲಿ ಬೆಕ್ಕು ಕೂತಿದೆ ಅಂತ ಅದನ್ನು ಎಬ್ಬಿಸದೆ ರಾಗಿ ಹಸನು ಮಾಡುವುದನ್ನೇ ಮುಂದೂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಯುಗಾದಿ ಕಳೆದ ಮೇಲೆ ಊರಲ್ಲಿ ಮೂವತ್ತು ದಾಟಿದವರಿಗೆಲ್ಲ ಸಕ್ಕರೆ ಕಾಯಿಲೆ, ಬಿ.ಪಿ. ತಪಾಸಣೆ ನಡೆಯಿತು. ಹುಚ್ಚಮ್ಮನವರಿಗೆ ಸಕ್ಕರೆ ಹೆಚ್ಚಿತ್ತು. ನಮ್ಮ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಬೆಳಿಗ್ಗೆ ತಿಂಡಿಯ ಜೊತೆಗೆ ಒಂದು ಅಂತ ಮಾತ್ರೆ ಬರೆದುಕೊಟ್ಟರು. ತಿಂಗಳಿಗೊಮ್ಮೆ ಆ ಮಾತ್ರೆಯನ್ನು ನಾನೇ ಅವರ ಮನೆಗೆ ತಲುಪಿಸುತ್ತಿದ್ದೆ. ಕೊಡುವಾಗ "ತಗೊಂಡ್ರಾ ಅತ್ತೆ?" ಅಂತ ಕೇಳುತ್ತಿದ್ದೆ. ಅವರು ಮಾತ್ರೆಯ ಖಾಲಿ ಪಟ್ಟಿ ತೋರಿಸುತ್ತಿದ್ದರು. ನಾನು ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಗೆದ್ದೆ ಅಂದುಕೊಂಡು ಹೋಗುತ್ತಿದ್ದೆ. ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ.

ಅವರಿಗೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತಲೆ ಸುತ್ತುತ್ತಿತ್ತಂತೆ, ಕೈ ನಡುಗುತ್ತಿತ್ತಂತೆ. ಇದ್ಯಾವುದನ್ನೂ ಅವರು ಯಾರಿಗೂ ಹೇಳಿರಲಿಲ್ಲ. ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡರೆ ಸರಿಹೋಗುತ್ತಿತ್ತು. ಸಕ್ಕರೆ ಕಾಯಿಲೆಯವಳು ಬೆಲ್ಲ ತಿಂದಿದ್ದು ಗೊತ್ತಾದರೆ ಮಂಜುಳಾ ಬೈತಾಳೆ ಅಂತ ಭಯ.

ಶ್ರಾವಣದ ಎರಡನೇ ಶನಿವಾರ ಅವರಿಗೆ ಮಾಲೇಕಲ್ಲು ಹತ್ತುವ ಹರಕೆ ಇತ್ತು. ಮೊಮ್ಮಗಳು ಆರೋಗ್ಯವಾಗಿ ಹುಟ್ಟಿದರೆ ಬಾಯಿಗೆ ಏನೂ ಹಾಕದೆ ಬೆಟ್ಟ ಹತ್ತಿ ವೆಂಕಟರಮಣನ ದರ್ಶನ ಮಾಡುತ್ತೇನೆ ಅಂತ ಹೇಳಿಕೊಂಡಿದ್ದರಂತೆ. ನನ್ನನ್ನೂ ಕರೆದರು. ನಂಜುಂಡಯ್ಯನವರು, ಅವರು, ನಾನು ಮೂವರೂ ಬೆಳಿಗ್ಗೆ ಟೆಂಪೋದಲ್ಲಿ ಹೋಗಿ ಇಳಿದೆವು. ಇವರಿಬ್ಬರದು ಉಪವಾಸ, ನಾನು ಮಾತ್ರ ಮನೆಯಲ್ಲಿ ಎರಡು ರೊಟ್ಟಿ ತಿಂದು ಬಂದಿದ್ದೆ.

ಮುನ್ನೂರು ಮೆಟ್ಟಿಲು ಹತ್ತಿರಬಹುದು. ಹುಚ್ಚಮ್ಮನವರು ನಿಂತರು. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ನನ್ನ ಕಡೆ ನೋಡಿ, "ಕರೂಗೆ ನೀರಿಟ್ಯಾ?" ಅಂತ ತೊದಲಿದರು. ಅವರ ಮನೆಯಲ್ಲಿ ಕರುವೇ ಇರಲಿಲ್ಲ. ಹಾಗೇ ಮೆಟ್ಟಿಲ ಮೇಲೆ ಕುಸಿದು ಕೂತರು.

ಬೆವರು, ನಡುಕ, ತೊದಲು ಮಾತು, ಇದು ಸಕ್ಕರೆ ಇಳಿದ ಲಕ್ಷಣ ಅಂತ ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ದೇವರಿಗೆ ಅಂತ ತಂದಿದ್ದ ಚೀಲದಲ್ಲಿ ಬೆಲ್ಲ, ಬಾಳೆಹಣ್ಣು ಇದ್ದವು. ಬೆಲ್ಲ ಮುರಿದು ಬಾಯಿಗೆ ಹಿಡಿದೆ.

ಅವರು ತಲೆ ಆಚೆ ತಿರುಗಿಸಿದರು. "ಬ್ಯಾಡ ಕಣೇ. ದೇವ್ರಿಗೆ ಇಡೋಕೆ ಮುಂಚೆ ನಾನ್ ತಿನ್ನಲ್ಲ."

"ಅತ್ತೆ, ಬಾಯಿ ತೆಗೀರಿ."

"ಹರಕೆ ಕಣೇ."

ನಂಜುಂಡಯ್ಯನವರ ಕಡೆ ನೋಡಿದೆ. ನಲವತ್ತು ವರ್ಷ ಒಟ್ಟಿಗೆ ಬಾಳಿದ ಹೆಂಡತಿ ಕಣ್ಣೆದುರೇ ಬಾಡಿಹೋಗುತ್ತಿದ್ದಾರೆ. ಅವರು ಪಕ್ಕದಲ್ಲಿ ಕೂತು ಹೆಂಡತಿಯ ಗಲ್ಲ ಹಿಡಿದರು. "ತಿನ್ನು ಹುಚ್ಚಿ. ತಪ್ಪು ಆದ್ರೆ ನನ್ ತಲೆ ಮ್ಯಾಗಿರ್ಲಿ. ಮೊಮ್ಮಗೀನ ಆಡಿಸೋಕೆ ನೀನು ಬ್ಯಾಡ್ವಾ?" ಅಂದರು. ಆಗ ಬಾಯಿ ತೆರೆದರು. ಬೆಲ್ಲ, ಆಮೇಲೆ ಹಣ್ಣು, ನಿಧಾನವಾಗಿ ನುಂಗಿಸಿದೆವು. ಕಾಲು ಗಂಟೆಯಲ್ಲಿ ಕಣ್ಣಿಗೆ ಬೆಳಕು ಬಂತು. ದಾರಿಹೋಕರು ನಾಲ್ಕು ಜನ ಸೇರಿ ಕೆಳಗಿಳಿಸಿದರು. ನಾನು ೧೦೮ಕ್ಕೆ ಫೋನ್ ಮಾಡಿದೆ.

ಆಂಬುಲೆನ್ಸ್ ಬರುವಷ್ಟರಲ್ಲಿ ನಮ್ಮ ಹಳೇ ಜಗಳ ಮತ್ತೆ ಶುರುವಾಯಿತು ಅಂತ ಹೇಳಲು ನನಗೆ ನಾಚಿಕೆಯಾಗುತ್ತದೆ.

"ನಿನ್ ಸರ್ಕಾರಿ ಮಾತ್ರೆ ಬಿಸಾಕು ಅಂತ ಇವಳಿಗೆ ಅವಾಗ್ಲೇ ಅಂದಿದ್ದೆ. ಬಿಸಾಕ್ದೆ ಇದ್ದಿದ್ರೆ ಇನ್ನೇನ್ ಆಯ್ತಿತ್ತೋ" ಅಂದರು ಅವರು.

"ಬಿಸಾಕೋದಾ? ಅತ್ತೆ ದಿನಾ ತಗೋತಾರೆ. ಖಾಲಿ ಪಟ್ಟಿ ನಾನೇ ನೋಡೀನಿ."

"ನೀನೇನ್ ನೋಡೀಯ? ಅವಳು ತಗೊಳ್ಳೋದು ಲಕ್ಷ್ಮೀಶ ಡಾಕ್ಟ್ರು ಮಾತ್ರೆ."

ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಆಮೇಲೆ ಇಬ್ಬರೂ ಹುಚ್ಚಮ್ಮನವರನ್ನು ನೋಡಿದೆವು. ಅವರು ಕಣ್ಣು ಮುಚ್ಚಿಕೊಂಡರು.

ಅರಸೀಕೆರೆ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಹೇಮಲತಾ ಇದ್ದರು. ಎಪ್ಪತ್ತಕ್ಕಿಂತ ಕೆಳಗಿಳಿಯಬಾರದ ಸಕ್ಕರೆ ಅಷ್ಟು ಬೆಲ್ಲ ತಿಂದಿದ್ದರೂ ಐವತ್ತೆಂಟೇ ಇತ್ತು. ಕೂಡಲೇ ಗ್ಲೂಕೋಸ್ ಹಾಕಿದರು. ನಾವು ವಿಷಯ ಹೇಳಿದ ಮೇಲೆ ಮಂಚದ ಪಕ್ಕ ಕೂತು ಮೆಲ್ಲಗೆ ಕೇಳಿದರು.

"ಅಮ್ಮ, ದಿನಾ ಎಷ್ಟು ಮಾತ್ರೆ ತಗೋತೀರಿ? ಯಾರೂ ಬಯ್ಯಲ್ಲ, ಹೇಳಿ."

ಹುಚ್ಚಮ್ಮನವರು ಸೊಂಟದಿಂದ ಎಲೆ ಅಡಿಕೆ ಚೀಲ ತೆಗೆದರು. ಅಡಿಕೆ ಚೂರಿನ ನಡುವೆ ಎರಡು ಮಾತ್ರೆ ಪಟ್ಟಿ. ಒಂದು ನಾನು ಕೊಟ್ಟಿದ್ದು, ಇನ್ನೊಂದು ಲಕ್ಷ್ಮೀಶ ಡಾಕ್ಟರು ಬರೆದಿದ್ದು.

"ಎರಡೂ ತಗೋತೀನಿ ಕಣ್ರವ್ವ. ಈ ಹುಡುಗಿ ಬಿಸ್ಲಲ್ಲಿ ನಡ್ಕೊಂಡು ಬಂದು ಕೊಟ್ಟು ಹೋಗ್ತದೆ. ನುಂಗ್ದೆ ಇದ್ರೆ ಅದ್ಕೆ ಬೇಜಾರಾಯ್ತದೆ. ಡಾಕ್ಟ್ರು ಮಾತ್ರೆ ಬಿಟ್ರೆ ಇವ್ರಿಗೆ ಬೇಜಾರು. ಸಕ್ಕರೆ ಕಾಯಿಲೆ ತಾನೆ, ಎರಡು ನುಂಗಿದ್ರೆ ಬೇಗ ವಾಸಿ ಆಯ್ತದೆ ಅಂದ್ಕೊಂಡೆ."

"ಇವತ್ತೂ ತಗೊಂಡ್ರಾ? ಉಪವಾಸದಲ್ಲಿ?"

"ಹೂಂ. ಮಾತ್ರೆ ತಪ್ಪಿಸ್ಬಾರ್ದು ಅಂತ ಮಂಜುಳಾನೇ ಹೇಳೈತೆ."

ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಹೊರಗೆ ಹೋಗಿ ಗೋಡೆಗೆ ಒರಗಿ ಅತ್ತುಬಿಟ್ಟೆ. ಮಾತ್ರೆ ತಪ್ಪಿಸಬಾರದು ಅಂತ ನೂರು ಸಲ ಹೇಳಿದ್ದೆ. ಊಟ ಬಿಟ್ಟು ನುಂಗಬಾರದು, ಉಪವಾಸವಿದ್ದರೆ ಮೊದಲು ಡಾಕ್ಟರನ್ನು ಕೇಳಬೇಕು ಅಂತ ಒಂದು ಸಲ ಹೇಳಿದ್ದರೆ ಸಾಕಿತ್ತು.

ಒಳಗೆ ಬಂದಾಗ ಹೇಮಲತಾ ಡಾಕ್ಟರು ಎರಡೂ ಪಟ್ಟಿಗಳನ್ನು ನಂಜುಂಡಯ್ಯನವರ ಕೈಗೆ ಕೊಟ್ಟಿದ್ದರು.

"ಈ ಖಾಸಗಿ ಪಟ್ಟಿ ಮೇಲೆ ದೊಡ್ಡದಾಗಿ ಬರೆದಿರೋದು ಕಂಪನಿಯೋರು ಇಟ್ಟ ಹೆಸರು. ಕೆಳಗೆ ಸಣ್ಣದಾಗಿರೋದು ಔಷಧಿ ಹೆಸರು. ಸರ್ಕಾರಿ ಪಟ್ಟಿ ಮೇಲೆ ಔಷಧಿ ಹೆಸರು ಮಾತ್ರ ಇದೆ. ಓದಿ ನೋಡಿ ಯಜಮಾನ್ರೇ."

ನಂಜುಂಡಯ್ಯನವರು ಕನ್ನಡಕ ಮೇಲೆ ಕೆಳಗೆ ಮಾಡಿ ಬಹಳ ಹೊತ್ತು ನೋಡಿದರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಅವರಿಗೆ ಬರುತ್ತದೆ.

"ಎರಡೂ ಒಂದೇ ಐತಲ್ಲ" ಅಂದರು.

"ಔಷಧಿ ಒಂದೇ, ಪ್ರಮಾಣನೂ ಒಂದೇ. ಬಣ್ಣ ಬೇರೆ, ಹೊದಿಕೆ ಬೇರೆ ಅಷ್ಟೆ. ಇವರು ಮೂರು ತಿಂಗಳಿಂದ ದಿನಾ ಎರಡು ಪಟ್ಟು ತಗೊಂಡಿದ್ದಾರೆ."

"ಹಂಗಾದ್ರೆ ಲಕ್ಷ್ಮೀಶ ಡಾಕ್ಟ್ರುದು ತಪ್ಪಾ?"

"ಅವರಿಗೆ ಗೊತ್ತಿದ್ರೆ ತಾನೆ? ಈಗಾಗ್ಲೇ ಮಾತ್ರೆ ತಗೋತಿದಾರೆ ಅಂತ ನೀವು ಹೇಳಿದ್ರಾ?"

ನಂಜುಂಡಯ್ಯನವರು ತಲೆ ತಗ್ಗಿಸಿದರು. "ಅವರತ್ರ ಹೋಗೋವಾಗ ಬಸ್ಸಲ್ಲಿ ಇವಳಿಗೆ ಹೇಳ್ಬ್ಯಾಡ ಅಂದೋನು ನಾನೇ ಕಣವ್ವ. ಸರ್ಕಾರಿ ಮಾತ್ರೆ ನುಂಗ್ತವ್ಳೆ ಅಂದ್ರೆ ಡಾಕ್ಟ್ರು ಏನ್ ತಿಳ್ಕೊಂಡಾರು ಅಂತ."

ಹೇಮಲತಾ ಡಾಕ್ಟರು ಅಲ್ಲಿಂದಲೇ ಲಕ್ಷ್ಮೀಶ ಡಾಕ್ಟರಿಗೆ ಫೋನ್ ಮಾಡಿದರು. ಅವರು ಸಂಜೆ ತಮ್ಮ ಕ್ಲಿನಿಕ್ ಮುಗಿಸಿ ನೋಡಲು ಬಂದೇಬಿಟ್ಟರು. ಬಂದವರು ಹುಚ್ಚಮ್ಮನವರ ಕೈ ಹಿಡಿದು, "ನನಗೆ ಯಾಕೆ ಬೇಜಾರಾಗುತ್ತೆ ತಾಯಿ? ಸಕ್ಕರೆ ಮಾತ್ರೆ ವರ್ಷಗಟ್ಟಲೆ ಬೇಕು. ಮನೆ ಬಾಗಿಲಿಗೆ ಬರೋದನ್ನ ಬಿಟ್ಟು ಅಂಗಡೀಲಿ ಯಾಕೆ ಕೊಳ್ತೀರಿ? ಇವರ ಹತ್ರಾನೇ ಮಾತ್ರೆ ತಗೊಳ್ಳಿ, ಪರೀಕ್ಷೆ ಮಾಡಿಸಿ. ನನ್ನ ಹತ್ರ ಬರಬೇಕು ಅನ್ನಿಸಿದಾಗ ಬನ್ನಿ. ಆದ್ರೆ ಬರುವಾಗ ಒಂದು ಚೀಲ ತನ್ನಿ, ಎಲ್ಲಾ ಮಾತ್ರೆ ಅದರಲ್ಲಿರಲಿ" ಅಂದರು.

ಹುಚ್ಚಮ್ಮನವರು ನನ್ನ ಕಡೆ, ಗಂಡನ ಕಡೆ, ಡಾಕ್ಟರ ಕಡೆ ಒಂದೊಂದು ಸಲ ನೋಡಿದರು. "ಹಂಗಾದ್ರೆ ಒಂದು ಬಿಟ್ರೆ ಯಾರ್ಗೂ ಬೇಜಾರಿಲ್ವಾ?" ಅಂತ ಕೇಳಿದರು. ನಾವೆಲ್ಲ ಇಲ್ಲ ಅಂದೆವು. ನಂಜುಂಡಯ್ಯನವರು ಎಲ್ಲರಿಗಿಂತ ಜೋರಾಗಿ ಇಲ್ಲ ಅಂದರು. ಆ ಮಾತ್ರೆಯ ಪ್ರಭಾವ ಮತ್ತೆ ಸಕ್ಕರೆ ಇಳಿಸಬಹುದು ಅಂತ ಒಂದು ದಿನ ಆಸ್ಪತ್ರೆಯಲ್ಲೇ ಇರಿಸಿಕೊಂಡು ಕಳಿಸಿದರು.

ಕಾರ್ತಿಕದಲ್ಲಿ ಹರಕೆ ತೀರಿತು. ಈ ಸಲ ಡಾಕ್ಟರನ್ನು ಕೇಳಿಕೊಂಡು, ಬೆಟ್ಟದ ಕೆಳಗೆ ನಾಲ್ಕು ಇಡ್ಲಿ ತಿಂದು, ಒಂದೇ ಮಾತ್ರೆ ನುಂಗಿ, ಅಲ್ಲಲ್ಲಿ ಕೂತು ಹತ್ತಿದರು. ಮೇಲೆ ಹೋಗಿ ಕೈಮುಗಿದು ಬಂದು ನನ್ನ ಕಿವಿಯಲ್ಲಿ, "ತಿಂದಿದ್ದು ಹೇಳ್ದೆ ಕಣೇ. ಸ್ವಾಮಿ ಏನೂ ಅನ್ಲಿಲ್ಲ" ಅಂದರು. ನಂಜುಂಡಯ್ಯನವರ ಹೆಗಲಲ್ಲಿ ಹಸಿರು ಬಟ್ಟೆ ಚೀಲ ನೇತಾಡುತ್ತಿತ್ತು. ಅದರಲ್ಲಿ ಮಾತ್ರೆ, ಆಸ್ಪತ್ರೆ ಚೀಟಿಗಳು, ಒಂದು ಉಂಡೆ ಬೆಲ್ಲ. ಈಗ ಆ ಚೀಲವಿಲ್ಲದೆ ಅವರು ಹೆಂಡತಿಯನ್ನು ಯಾವ ಡಾಕ್ಟರ ಬಾಗಿಲಿಗೂ ಕರೆದೊಯ್ಯುವುದಿಲ್ಲ. ಜಗಳವೇನೂ ನಿಂತಿಲ್ಲ. ಕ್ಯೂ ಉದ್ದವಾಯಿತು ಅಂತ ಅವರು ಈಗಲೂ ನನ್ನನ್ನು ಬಯ್ಯುತ್ತಾರೆ, ನಾನು ಅದನ್ನು ಮೇಲಿನವರಿಗೆ ಬರೆದು ತಿಳಿಸುತ್ತೇನೆ.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸರ್ಕಾರಿಗೆ ಹೋಗುತ್ತೀರೋ ಖಾಸಗಿಗೆ ಹೋಗುತ್ತೀರೋ, ಅದು ನಿಮ್ಮ ಇಷ್ಟ. ಸಕ್ಕರೆ, ಬಿ.ಪಿ. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಅನ್ನುವುದು ಮಾತ್ರ ನೆನಪಿರಲಿ. ಎಲ್ಲಿಗೇ ಹೋದರೂ ಮನೆಯಲ್ಲಿರುವ ಎಲ್ಲ ಮಾತ್ರೆ, ನಾಟಿ ಔಷಧಿ ಇದ್ದರೆ ಅದನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ. ಡಾಕ್ಟರನ್ನು ಕೇಳದೆ ಯಾವ ಮಾತ್ರೆಯನ್ನೂ ಸೇರಿಸಬೇಡಿ, ನಿಲ್ಲಿಸಲೂ ಬೇಡಿ. ಸಕ್ಕರೆ ಮಾತ್ರೆ ತಗೊಳ್ಳುವವರು ಬೆವತು, ನಡುಗಿ, ತೊದಲಿದರೆ ಎಚ್ಚರವಿರುವಾಗಲೇ ಸಕ್ಕರೆಯೋ ಬೆಲ್ಲವೋ ತಿನ್ನಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ೧೦೮ಕ್ಕೆ ಫೋನ್ ಮಾಡಿ.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಅವ್ವನ ಪಕ್ಕ, ಅತ್ತೆಯ ಪಕ್ಕ ಒಂದು ಗಳಿಗೆ ಕೂತುಕೊಳ್ಳಿ. ಅವರು ಎಲೆ ಅಡಿಕೆ ಚೀಲ ಬಿಚ್ಚುವವರೆಗೆ ಕಾಯಿರಿ. ಆಮೇಲೆ, ನಾನು ಮೂರು ತಿಂಗಳು ಕೇಳದೆ ಹೋದ ಮಾತನ್ನು ನೀವು ಕೇಳಿ: "ನಂಗೆ ಬೇಜಾರಿಲ್ಲ, ಹೇಳವ್ವ. ಇನ್ನೂ ಯಾವ ಮಾತ್ರೆ ತಗೋತಿದೀಯ?"