ಪರವಾನಗಿಯ ಕೊನೆಯ ದಿನ

ಹಸಿರು ದೀಪ ಹತ್ತಿತು, ಸದ್ಯ, ಇವತ್ತೂ ಬದುಕಿದ್ದಾಳೆ ಮುದುಕಿ — ಆಸ್ಪತ್ರೆಯ ಎಕ್ಸ್‌ರೇ ಯಂತ್ರವನ್ನು, ಅದನ್ನು ನಡೆಸುವ ಅವಳು ಕರೆಯುವುದೇ ಹಾಗೆ — ಆದರೆ ಪರದೆಯ ಮೇಲೆ ಅದೇ ಹಳೆಯ ರಾಗ, ಪರವಾನಗಿ ಮುಗಿದಿದೆ, ಕಂಪನಿಯನ್ನು ಸಂಪರ್ಕಿಸಿ, ಯಾವ ಕಂಪನಿ, ಸಮುದ್ರದಾಚೆ ಕೂತು, ಯುದ್ಧ ಶುರುಮಾಡಿದ ದೇಶಕ್ಕೆ ಒಂದು ಸ್ಕ್ರೂ ಕೂಡ ಕಳಿಸುವುದಿಲ್ಲ ಎಂದ ಕಂಪನಿಯನ್ನೇ, ಯುದ್ಧ ಶುರುಮಾಡಿದ್ದು ಅವಳೇನು, ಶುರುಮಾಡಿದವರು ಕೆಮ್ಮು ಬಂದರೆ ವಿಮಾನ ಹತ್ತುತ್ತಾರೆ, ನಿರ್ಬಂಧ ಬಂದು ಕೂತದ್ದು ಈ ಕಿಟಕಿಯಿಲ್ಲದ ಕೋಣೆಯಲ್ಲಿ — ಇರಲಿ, ಅವರ ಬೀಗ ಅವರಿಗೆ, ಅವಳ ಬೆರಳು ಅವಳಿಗೆ, ಯಂತ್ರದ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತಾಳೆ, ವರ್ಷ, ತಿಂಗಳು, ದಿನ, ಪರವಾನಗಿಯ ಕೊನೆಯ ದಿನಕ್ಕೆ ಬಂದದ್ದೇ ಮುದುಕಿ ಗೊಣಗುತ್ತಾ ಏಳುತ್ತಾಳೆ, ಅದಕ್ಕಿಂತ ಹಿಂದೆ ಹೋಗಲು ಒಪ್ಪುವುದಿಲ್ಲ, ಹದಿನಾಲ್ಕು ತಿಂಗಳಿಂದ ದಿನಾ ಬೆಳಗ್ಗೆ ಅದೇ ದಿನ, ತಮ್ಮ ಇಲ್ಲಿ ನಿಂತಿದ್ದ ದಿನ — ಬೇಡ, ಅದು ಈಗ ಬೇಡ — ನಿನ್ನೆ ದೊಡ್ಡ ಡಾಕ್ಟರು ಫಿಲಂ ಬೆಳಕಿಗೆ ಹಿಡಿದು, ಏನಮ್ಮಾ, ಈ ಕೂಸು ಹುಟ್ಟೋದಕ್ಕೆ ಮುಂಚೆನೇ ಅದರ ಎದೆಯ ಎಕ್ಸ್‌ರೇ ತೆಗೆದಿದೀಯಲ್ಲ, ಹೌದು, ಫಿಲಂ ಮೇಲೆ ಬೀಳುವ ಆ ಹಳೆಯ ತಾರೀಖನ್ನು ಪೆನ್ನಿನಲ್ಲಿ ತಿದ್ದಲು ಮರೆತದ್ದು ಅವಳದೇ ತಪ್ಪು, ನಾಳೆಯಿಂದ ಈ ಆಟ ನಿಲ್ಲಿಸು, ಕಂಪನಿಗೆ ಗೊತ್ತಾದ್ರೆ ಮುಂದೆ ಏನೂ ಕಳಿಸಲ್ಲ, ಈಗೇನು ಕಳಿಸ್ತಾ ಇದಾರೆ ಡಾಕ್ಟ್ರೇ, ಕೋಣೆಗೆ ಬೀಗ ಹಾಕಿಸ್ತೀನಿ, ಹಾಕಿಸಿ, ಕೀಲಿ ನನ್ನ ಹತ್ರಾನೇ ಇರೋದು.

ಬಾಗಿಲಲ್ಲಿ ಒಬ್ಬ ತಾಯಿ, ಪಕ್ಕದಲ್ಲಿ ಏದುಸಿರು ಬಿಡುವ ಎಂಟು ವರ್ಷದ ಹುಡುಗಿ, ಎದೆಯಲ್ಲಿ ನೀರು ತುಂಬಿದೆಯಂತೆ, ಎಲ್ಲಿ, ಎಷ್ಟು ಎಂದು ಕಾಣದೆ ಸೂಜಿ ಚುಚ್ಚುವಂತಿಲ್ಲ, ಚೀಟಿಯಲ್ಲಿ ತುರ್ತು ಎಂದು ಎರಡು ಗೆರೆ ಎಳೆದಿದೆ, ಅಕ್ಷರ ಬೀಗ ಹಾಕಿಸ್ತೀನಿ ಎಂದ ಡಾಕ್ಟರದೇ, ಅವಳಿಗೆ ನಗು ಬರುತ್ತದೆ, ಬಾ ಪುಟ್ಟಿ, ಈ ತಟ್ಟೆಗೆ ಎದೆ ಒತ್ತಿ ನಿಲ್ಲು, ತಣ್ಣಗಿದೆ ಆಂಟಿ — ಅಕ್ಕಾ, ತಣ್ಣಗಿದೆ ಕಣೇ, ತಮ್ಮನೂ ಅವತ್ತು ಹಾಗೇ ಅಂದು ನಕ್ಕಿದ್ದ, ಸೈನ್ಯದ ತಪಾಸಣೆಗೆ ಕರೆತಂದಿದ್ದರು, ಅವಳೇ ತೆಗೆದಳು, ಒಂದು ಚುಕ್ಕೆ ಇಲ್ಲದ ಎದೆ, ಅಂಗಿಯೊಳಗೆ ಒಂದು ನಾಣ್ಯ ಸಿಕ್ಕಿಸಿದ್ದರೆ, ಒಂದು ಚುಕ್ಕೆ ಮೂಡಿಸಿದ್ದರೆ ಕಾಯಿಲೆಯೆಂದು ವಾಪಸು ಕಳಿಸುತ್ತಿದ್ದರೇನೋ, ಅವತ್ತು ಅವಳು ನಿಯಮ ಮೀರಲಿಲ್ಲ, ನಿಯಮದ ಹಾಗೆ ಸಹಿ ಹಾಕಿದಳು, ತಮ್ಮ ಯುದ್ಧಕ್ಕೆ ಹೋದ, ಮೂರನೇ ವಾರಕ್ಕೆ ಅವನಿಲ್ಲವೆಂದು ಕಾಗದ ಬಂತು, ಇನ್ನು ಯಾವ ನಿಯಮ ಯಾರು ಹೇಳಿದರೂ ಅವಳು ಕೇಳುವವಳಲ್ಲ — ಉಸಿರು ಎಳ್ಕೋ ಪುಟ್ಟಿ, ಹಾಗೇ ಹಿಡ್ಕೋ — ಗುಂಡಿ ಒತ್ತುತ್ತಾಳೆ — ಬಿಡು, ಹುಡುಗಿ ಕೆಮ್ಮುತ್ತಾ ಬಿಡುತ್ತಾಳೆ, ಪರದೆಯಲ್ಲಿ ಬಲಗಡೆ ಬೆಳ್ಳಗೆ ನೀರು, ಸಿಕ್ಕಿತು, ಫಿಲಂ ಹೊರಬರುತ್ತದೆ, ಮೂಲೆಯಲ್ಲಿ ಆ ತಾರೀಖು, ಪೆನ್ನು ಎಲ್ಲಿ, ಪೆನ್ನು ಕೈಯಲ್ಲೇ ಇದೆ, ಕೈ ಏಳುತ್ತಿಲ್ಲ, ಆ ತಾರೀಖಿನಲ್ಲಿ ತಮ್ಮ ತಣ್ಣನೆಯ ತಟ್ಟೆಗೆ ಎದೆಯೊತ್ತಿ, ಅಕ್ಕ ಬಿಡು ಅನ್ನಲಿ ಎಂದು, ಉಸಿರು ಹಿಡಿದು ನಿಂತಿದ್ದಾನೆ