ಅಂಚಿನಲ್ಲಿ ಬಿಟ್ಟ ನೀಲಿ

ಕಂದು, ಅಂಚಿನವರೆಗೂ ಕಂದು, ಚಹಾ ಚೆಲ್ಲಿದ ಹಾಗೆ — ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯುತ್ತೇನೆ, ಮತ್ತೆ ಇಡುತ್ತೇನೆ, ಹೋಗುವುದಿಲ್ಲ, ಅಂದರೆ ಕ್ಯಾನ್ಸರ್ ಪೂರ್ತಿ ಹೊರಬಂದಿಲ್ಲ, ಅಣ್ಣನ ನಾಲಿಗೆಯನ್ನು ಇನ್ನೂ ಕತ್ತರಿಸಬೇಕು, ಬುಡದತನಕ, ಆಮೇಲೆ ನನ್ನನ್ನು ಗುಬ್ಬಿ ಎಂದು ಕರೆಯುವವರು ಈ ಭೂಮಿಯ ಮೇಲೆ ಯಾರೂ ಇರುವುದಿಲ್ಲ. ಹತ್ತೊಂಬತ್ತು ವರ್ಷ ಈ ಪ್ರಯೋಗಾಲಯದಲ್ಲಿ ಕಂಡವರ ಬಾಯಿಯ ಚೂರುಗಳಿಗೆಲ್ಲ ಬಣ್ಣ ಹಾಕಿದ್ದೇನೆ, ಇವತ್ತು ಅಣ್ಣನದಕ್ಕೆ. ಆಪರೇಷನ್ನಿನ ಹಿಂದಿನ ದಿನ ಅವನಿಗೆ ಬಿಡಿಸಿ ಹೇಳಿದ್ದೆ — ಪ್ರತಿ ಕೋಶದಲ್ಲೂ ಒಬ್ಬ ಕಾವಲುಗಾರ ಇರ್ತಾನೆ ಅಣ್ಣ, ಒಂದು ಜೀನ್, ಕೋಶ ಹದ್ದು ಮೀರಿ ಬೆಳೆಯೋಕೆ ಹೊರಟ್ರೆ ಸಾಕು ನಿಲ್ಲು ಅಂತಾನೆ, ಅವನೇ ಕೆಟ್ರೆ ಕೆಲಸಕ್ಕೆ ಬಾರದ ಪ್ರೋಟೀನು ಗುಡ್ಡೆ ಬೀಳುತ್ತೆ, ನಾನು ಹಾಕೋ ಬಣ್ಣ ಅದಕ್ಕೆ ಅಂಟಿ ಕಂದಾಗುತ್ತೆ, ಕೆಡದೇ ಇರೋದು ನೀಲಿ. ಅವನು ಆಸ್ಪತ್ರೆಯ ಮಂಚದ ಮೇಲೆ ಕೂತು ನರ್ಸಮ್ಮನ ಕೋಟಿಗೆ ಗುಂಡಿ ಹೊಲಿಯುತ್ತಿದ್ದ, ದರ್ಜಿಯ ಕೈ ಸುಮ್ಮನಿರುತ್ತದೆಯೇ, ದಾರದ ತುದಿಯನ್ನು ಆ ಹುಣ್ಣಾದ ನಾಲಿಗೆಗೇ ತಾಗಿಸಿ ಸೂಜಿಗೆ ಪೋಣಿಸಿದ, ನಾನು ಗದರಿದೆ, ಅವನು ನಕ್ಕ — ನಿನ್ನ ಕಾವಲುಗಾರನೂ ನಮ್ಮ ಅಂಗಡಿ ಬೀದಿಯವನ ಥರಾನೇ ಬಿಡು, ಕೂತಲ್ಲೇ ಗೊರಕೆ, ಆದ್ರೆ ಡಾಕ್ಟ್ರಿಗೆ ಹೇಳು, ಅಂಚಲ್ಲಿ ಎರಡು ಬೆರಳು ಬಿಟ್ಟು ಕತ್ತರಿಸ್ಲಿ, ಬಿಡದೆ ಕತ್ತರಿಸೋನು ದರ್ಜಿನೇ ಅಲ್ಲ. ಎರಡು ಬೆರಳು — ಅಮ್ಮ ಹೋದ ಮೇಲೆ ನನ್ನ ಶಾಲೆಯ ನೀಲಿ ಲಂಗ ಹೊಲಿದವನು ಅವನೇ, ಅವನಿಗಿನ್ನೂ ಹದಿನೇಳು, ಬೆಳೆಯೋ ಹುಡುಗಿ, ಒಳಗೆ ಬಟ್ಟೆ ಬಿಟ್ಟಿದೀನಿ ಕಣೇ ಗುಬ್ಬಿ ಅಂದ, ವರ್ಷವರ್ಷ ಮಡಿಕೆ ಬಿಚ್ಚುತ್ತಿದ್ದ, ಮೇಲೆಲ್ಲ ಮಾಸಿದ ನೀಲಿ, ಕೆಳಗೆ ಬಿಸಿಲನ್ನೇ ಕಾಣದ ಕಡುನೀಲಿ ಪಟ್ಟಿ, ಗೆಳತಿಯರು ಕಿಸಕ್ಕೆಂದರು, ನಾನು ಲಂಗವನ್ನು ಅವನ ಮುಖಕ್ಕೇ ಎಸೆದೆ, ಅವನು ಎತ್ತಿಕೊಂಡು ಇಸ್ತ್ರಿ ಮಾಡಿದ. ತಪ್ಪಾಯಿತು ಎಂದು ಇವತ್ತಿನವರೆಗೂ ಹೇಳಿಲ್ಲ.

ಏನಮ್ಮಾ, ಕಂಟ್ರೋಲ್ ನೋಡಿ ಆಯ್ತಾ, ಎಲ್ಲಿ, ಅಣ್ಣಂದು ಕೊಡು — ಡಾಕ್ಟರ್ ಮೇಡಂ ಹಿಂದೆ ನಿಂತಿದ್ದಾರೆ. ಕಂಟ್ರೋಲ್? ಗಾಜಿನ ಮೂಲೆ ನೋಡುತ್ತೇನೆ, ಹಸಿರು ಗುರುತು, ಅಣ್ಣನದಲ್ಲ, ಅಯ್ಯೋ ನನ್ನ ಬುದ್ಧಿಗಿಷ್ಟು, ಬಣ್ಣ ಹಿಡಿಯಿತೇ ಎಂದು ಪರೀಕ್ಷಿಸಲು ಪ್ರತಿ ಸಲ ಜೊತೆಗಿಡುವ ಹಳೆಯ ಚೂರು, ಕೆಟ್ಟಿದೆಯೆಂದು ಗೊತ್ತಿದ್ದೇ ಇಡುವುದು, ಬೆಳಿಗ್ಗೆ ನನ್ನ ಕೈಯಾರೆ ಇಟ್ಟದ್ದು, ಅದನ್ನು ನೋಡಿ ಅಣ್ಣನ ಮಾತೇ ಹೋಯಿತು ಎಂದುಕೊಂಡೆನಲ್ಲ — ಪಾಪ, ಅದೂ ಯಾರದೋ ನಾಲಿಗೆ, ಅವರೂ ಯಾರನ್ನೋ ಮುದ್ದಿನ ಹೆಸರಿನಲ್ಲಿ ಕರೆಯುತ್ತಿದ್ದರು. ಮೇಡಂ ಅವನ ಚೂರನ್ನು ಇಡುತ್ತಾರೆ, ನೋಡುತ್ತಾರೆ, ಸರಿಸುತ್ತಾರೆ, ಆಮೇಲೆ ಕುರ್ಚಿ ಬಿಟ್ಟು ಏಳುತ್ತಾರೆ, ಬಾ, ನೀನೇ ನೋಡು. ನಡುವೆ ಕಂದು, ಇದೆ, ಗುಡ್ಡೆ ಗುಡ್ಡೆ, ಸರಿಸುತ್ತೇನೆ, ತೆಳುವಾಗುತ್ತದೆ, ಸರಿಸುತ್ತೇನೆ, ನಿಂತಿತು — ಅಲ್ಲಿಂದ ಮುಂದೆ, ಕತ್ತರಿಸಿದ ಗುರುತಿಗೆ ಕಪ್ಪು ಮಸಿ ಬಳಿದ ಅಂಚಿನವರೆಗೂ, ನೀಲಿ, ಒಂದೇ ಸಮ ನೀಲಿ, ಮೇಲಿನ ವಾರ್ಡಿಗೆ ಓಡಬೇಕು, ತಪ್ಪಾಯಿತು ಅಣ್ಣ ಅನ್ನಬೇಕು, ಕಣ್ಣು ತೆಗೆಯಲಾಗುವುದಿಲ್ಲ, ಮಡಿಕೆ ಬಿಚ್ಚಿದ ಹಾಗೆ, ಆ ಪಟ್ಟಿ, ಬಿಸಿಲನ್ನೇ ಕಾಣದ ಆ ಕಡುನೀಲಿ ಪಟ್ಟಿ