ಮೇಸ್ತ್ರಿ ತಿದ್ದಿದ ಪಟ್ಟಿ

ನನ್ನ ತಮ್ಮನ ಹೆಂಡತಿ ಕೋಳಿಮರಿ ಮಾಡಿ ಮಾರುತ್ತಾಳೆ. ಅವಳ ಅಡುಗೆಮನೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಒಂದು ಪೆಟ್ಟಿಗೆ ಇದೆ. ನೂರು ಮೊಟ್ಟೆ ಹಿಡಿಯುತ್ತದೆ. ಒಳಗೆ ಸದಾ ಒಂದೇ ಹದದ ಬಿಸಿ ಇರಬೇಕು. ಇಪ್ಪತ್ತೊಂದು ದಿನ ಹಾಗೆ ಕಾಪಾಡಿದರೆ ತಾಯಿಕೋಳಿ ಇಲ್ಲದೆಯೇ ಮರಿ ಚಿಪ್ಪು ಒಡೆದು ಬರುತ್ತದೆ. ಬಿಸಿ ಹೋದರೆ ಮರಿಯೂ ಹೋಯಿತು. ಆ ಬಿಸಿ ಬರುವುದು ಕರೆಂಟಿನಿಂದ. ನಮ್ಮ ಬೀದಿಯ ಕರೆಂಟಿನ ಸಂಗತಿ ಕೇಳಲೇಬೇಡಿ. ಹೇಳಿ ಹೋಗುವ ಅಭ್ಯಾಸ ಅದಕ್ಕಿಲ್ಲ, ಹೋದ ಮೇಲೆ ಬರುವ ಅವಸರವೂ ಇಲ್ಲ.

ಆ ಸಲ ಹತ್ತೊಂಬತ್ತನೆಯ ದಿನ. ಬೆಳಿಗ್ಗೆ ಹತ್ತಕ್ಕೆ ಹೋದ ಕರೆಂಟು ಸಂಜೆ ಆರಾದರೂ ಬರಲಿಲ್ಲ. ಅವಳು ಪೆಟ್ಟಿಗೆಗೆ ಕಂಬಳಿ ಹೊದಿಸಿದಳು. ಬಾಟಲಿಗಳಿಗೆ ಬಿಸಿನೀರು ತುಂಬಿ ಸುತ್ತ ಜೋಡಿಸಿದಳು. ನಾನೂ ನನ್ನ ಇಸ್ತ್ರಿ ಅಂಗಡಿಯ ಬಾಗಿಲು ಹಾಕಿ ಬಂದು, ನೀರು ಕಾಯಿಸಿ ಕಾಯಿಸಿ ಕೊಟ್ಟೆ. ಎರಡು ದಿನ ಬಿಟ್ಟು ನೋಡಿದರೆ ನೂರಕ್ಕೆ ಒಂಬತ್ತು ಮರಿ. ಉಳಿದವು ಚಿಪ್ಪಿನೊಳಗೇ ಸತ್ತಿದ್ದವು. ಅವನ್ನೆಲ್ಲ ಹಿತ್ತಿಲಲ್ಲಿ ಹೂತು, ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕೂತಳು.

“ಅತ್ತಿಗೆ, ಈ ಪೆಟ್ಟಿಗೆ ಮಾರಿಬಿಡ್ತೀನಿ. ತಿಂಗಳ ಕೊನೆಗೆ ಒಬ್ಬರು ನೋಡೋಕೆ ಬರ್ತಾರೆ” ಅಂದಳು.

ಮದುವೆಯಾಗಿ ಬಂದಾಗ ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿ ಅವಳು. ಪುಸ್ತಕ ಓದಿ, ಹತ್ತು ಜನರನ್ನು ಕೇಳಿ, ಮೊದಲು ಕೆಡಿಸಿ ಆಮೇಲೆ ಕಲಿತು, ಈಗ ಪಕ್ಕದ ಊರಿನವರೂ ಮುಂಗಡ ಕೊಟ್ಟು ಮರಿ ಕೇಳುವ ಹಾಗೆ ಮಾಡಿಕೊಂಡಿದ್ದಳು. ಆ ಪೆಟ್ಟಿಗೆ ಹೋದರೆ ಅವಳ ಅರ್ಧ ಜೀವವೇ ಹೋದಂತೆ. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮಾರನೆಯ ದಿನ ನರ್ಸಮ್ಮ ಬಂದರು. ನಮ್ಮ ಬೀದಿಯ ಮಕ್ಕಳಿಗೆಲ್ಲ ಲಸಿಕೆ ಹಾಕುವವರು ಅವರೇ. ವಿಷಯ ಕೇಳಿ, “ಅಯ್ಯೋ ತಾಯಿ, ಒಂದು ಸೋಲಾರ್ ಬ್ಯಾಟರಿ ಇದ್ದಿದ್ರೆ ಸಾಕಿತ್ತಲ್ಲಮ್ಮ” ಅಂದರು. “ನಮ್ಮ ಆಸ್ಪತ್ರೇಲಿ ಲಸಿಕೆ ಇಡೋ ಫ್ರಿಜ್ ಅದರಲ್ಲೇ ಓಡೋದು. ಕರೆಂಟ್ ಹೋದದ್ದು ನಮಗೆ ಗೊತ್ತೇ ಆಗಲ್ಲ.”

ಒಳಗಿನಿಂದ ನನ್ನ ತಮ್ಮ ಎದ್ದು ಬಂದ. ಅವನು ಮನೆ ಕಟ್ಟುವ ಮೇಸ್ತ್ರಿ. ಕಿವಿಯ ಮೇಲೆ ಪೆನ್ಸಿಲ್, ಮೂಗಿನ ಮೇಲೆ ಕೋಪ, ಎರಡೂ ಸದಾ ಇರುತ್ತವೆ.

“ನರ್ಸಮ್ಮ, ನೀವು ಬೇಕಾದ್ರೆ ನನಗೆ ಎರಡು ಸೂಜಿ ಚುಚ್ಚಿ. ಸೋಲಾರ್ ಮಾತು ಮಾತ್ರ ನನ್ನ ಮನೇಲಿ ಎತ್ತಬೇಡಿ.”

ಅವನ ಸಿಟ್ಟಿಗೆ ಕಾರಣ ಇತ್ತು. ಎರಡು ವರ್ಷದ ಹಿಂದೆ ವ್ಯಾನಿನಲ್ಲಿ ಬಂದ ಒಬ್ಬನಿಂದ ಇವನೊಬ್ಬನೇ ಸೋಲಾರ್ ಕೊಂಡಿದ್ದ. ಎಂಟು ತಿಂಗಳಿಗೆ ಬ್ಯಾಟರಿ ಸತ್ತಿತು. ಮಾರಿದವನ ಫೋನು ಅದಕ್ಕೂ ಮೊದಲೇ ಸತ್ತಿತ್ತು. ಬೀದಿಯವರು ಇವನಿಗೆ ‘ಬಿಸಿಲು ಕೊಂಡ ಮೇಸ್ತ್ರಿ’ ಎಂದು ಹೆಸರಿಟ್ಟರು. ಹಾಗೆ ಹೇಳಿ ನಕ್ಕವರಲ್ಲಿ ನಾನೂ ಒಬ್ಬಳು. ಅಕ್ಕ ಅಲ್ಲವೇ, ನನಗೆ ಹಕ್ಕಿದೆ ಅಂದುಕೊಂಡಿದ್ದೆ.

ನರ್ಸಮ್ಮ ಬಿಡಲಿಲ್ಲ. “ಮೇಸ್ತ್ರಿಗಳೇ, ಒಂದು ಮೂಟೆ ಸಿಮೆಂಟ್ ಕೊಂಡ್ರೂ ಒಂದು ಲಾರಿ ಸಿಮೆಂಟ್ ಕೊಂಡ್ರೂ ಮೂಟೆಗೆ ಒಂದೇ ರೇಟಾ?”

“ಅದು ಹೇಗಾಗುತ್ತೆ? ಲೋಡ್ ತಗೊಂಡ್ರೆ ರೇಟ್ ಬೇರೆ. ಸಾಲದ್ದಕ್ಕೆ ಅಂಗಡಿಯವನೇ ಮನೆ ಬಾಗಿಲಿಗೆ ಬಂದು ‘ಅಣ್ಣಾ, ಮಾಲು ಸರಿ ಇದೆಯಾ’ ಅಂತ ಕೇಳ್ತಾನೆ.”

“ಇದೂ ಅಷ್ಟೇ. ನೀವು ಒಬ್ಬರೇ ಹೋದ್ರಿ, ನಿಮ್ಮನ್ನ ಯಾರೂ ಲೆಕ್ಕಕ್ಕೇ ಇಟ್ಕೊಳ್ಳಲಿಲ್ಲ. ಬೀದಿಗೆ ಬೀದಿಯೇ ಹೋದ್ರೆ ರೇಟೂ ಇಳಿಯುತ್ತೆ, ಮರ್ಯಾದೆಯೂ ಸಿಗುತ್ತೆ. ನನ್ನ ತಂಗಿಯ ಬೀದಿಯವರು ಹಾಗೇ ಮಾಡಿದ್ರು.”

ತಮ್ಮ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟುಹೋದ. ಆದರೆ ಅವನ ಹೆಂಡತಿಯ ಕಿವಿ ನೆಟ್ಟಗಾಗಿತ್ತು.

ಆ ವಾರವೇ ನನ್ನ ಇಸ್ತ್ರಿ ಅಂಗಡಿಯ ಜಗಲಿಯಲ್ಲಿ ಸಭೆ ಸೇರಿತು. ಮೂವತ್ತನಾಲ್ಕು ಮನೆಯವರು ಬಂದರು. ನರ್ಸಮ್ಮ ಒಂದು ಉದ್ದ ಹಾಳೆ ಕೊಟ್ಟು, ಕರೆಂಟ್ ಹೋದಾಗ ನಿಮ್ಮ ಮನೆಯಲ್ಲಿ ಏನೇನು ನಡೆಯಬೇಕೋ ಅದನ್ನು ಬರೆಯಿರಿ ಎಂದರು. ಹಾಳೆ ಕೈಯಿಂದ ಕೈಗೆ ಹೋಯಿತು. ತಪ್ಪಾದದ್ದು ಅಲ್ಲೇ. ಮೊದಲು ಟೈಲರ್ ‘ಫ್ರಿಜ್’ ಎಂದು ಬರೆದ. ಅದನ್ನು ನೋಡಿದ ಕ್ಷೌರದಂಗಡಿಯವನು ‘ದೊಡ್ಡ ಫ್ರಿಜ್’ ಎಂದು ಬರೆದ. ಬಸ್ ಡ್ರೈವರ್ ಸುಮ್ಮನಿರುತ್ತಾನೆಯೇ? ‘ಏಸಿ’ ಎಂದು ಬರೆದ. ಹಾಳೆ ನನ್ನ ಕೈಗೆ ಬಂತು. ಹುಟ್ಟಿದಾಗಿನಿಂದ ಬಟ್ಟೆಯನ್ನು ಕೈಯಲ್ಲೇ ಒಗೆದವಳು ನಾನು. ‘ವಾಷಿಂಗ್ ಮಷೀನು, ಎರಡು ಇಸ್ತ್ರಿ ಪೆಟ್ಟಿಗೆ’ ಎಂದು ಅಂದವಾಗಿ ಬರೆದೆ. ನಾಲ್ಕು ಜನ ಓದುವ ಹಾಳೆ, ನಾನೇನು ಕಡಿಮೆ?

ನರ್ಸಮ್ಮ ಆ ಹಾಳೆಯ ನಕಲನ್ನು ಸೋಲಾರ್ ಕಂಪನಿಗಳಿಗೆ ಕಳಿಸಿದರು. ಹತ್ತು ದಿನದ ಮೇಲೆ ರೇಟು ಬಂತು. ಮನೆಯೊಂದಕ್ಕೆ, ನನ್ನ ತಮ್ಮ ಒಬ್ಬನೇ ಹೋಗಿ ಕೊಟ್ಟ ದುಡ್ಡಿನ ಮೂರರಷ್ಟಿತ್ತು. ಮತ್ತೆ ಜಗಲಿಯಲ್ಲಿ ಸೇರಿದೆವು. ಒಬ್ಬೊಬ್ಬರೇ ಚಪ್ಪಲಿ ಹುಡುಕಲು ಶುರುಮಾಡಿದರು. ನನ್ನ ತಮ್ಮನ ಹೆಂಡತಿ ಗೋಡೆಗೆ ಒರಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಪೆಟ್ಟಿಗೆ ಕೊಳ್ಳುವವರು ನೋಡಲು ಬರುವುದಕ್ಕೆ ಇನ್ನು ಐದೇ ದಿನ ಇತ್ತು.

ತಮಾಷೆ ನೋಡಲೆಂದೇ ಬಂದಿದ್ದ ನನ್ನ ತಮ್ಮ ಹಾಳೆ ಕಿತ್ತುಕೊಂಡು ಓದಿದ. ಓದುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕ.

“ಏನಯ್ಯಾ ಡ್ರೈವರ್, ನಿನ್ನ ಮನೇಲಿ ಏಸೀನಾ? ನಿನ್ನ ಮನೆ ಕಟ್ಟಿದೋನು ನಾನು. ಕಿಟಕಿಗೆ ಬಾಗಿಲು ಹಾಕ್ಸೋಕೇ ಇನ್ನೂ ಮುಹೂರ್ತ ಬಂದಿಲ್ಲ! ಎರಡು ಬಲ್ಬು, ಒಂದು ಫ್ಯಾನು, ಫೋನ್ ಚಾರ್ಜು. ಮುಗೀತು.” ಕಿವಿಯ ಪೆನ್ಸಿಲ್ ತೆಗೆದು ಗೀಟು ಹಾಕಿದ. “ಟೈಲರ್, ನಿನ್ನ ಮನೇಲಿ ಫ್ರಿಜ್ ಇಡೋಕೆ ಜಾಗ ಎಲ್ಲಿದೆ? ಹೊಲಿಗೆ ಮಷೀನಿನ ಮೋಟರು, ಮೂರು ಬಲ್ಬು.” ಮತ್ತೊಂದು ಗೀಟು. ಆಮೇಲೆ ನನ್ನ ಕಡೆ ತಿರುಗಿದ. “ಅಕ್ಕಾ! ವಾಷಿಂಗ್ ಮಷೀನು?”

ನಾನು ನಾಲಿಗೆ ಕಚ್ಚಿಕೊಂಡೆ. “ಮುಂದೆ ತಗೊಳ್ಳೋಣ ಅಂತ ಇದ್ದೆ ಕಣೋ.”

“ಮುಂದೆ ವಿಮಾನ ತಗೊಂಡ್ರೆ ಅದಕ್ಕೂ ಈಗ್ಲೇ ಬ್ಯಾಟರಿ ಇಡ್ಸೋಣ?”

ಜಗಲಿ ಪೂರ್ತಿ ನಕ್ಕಿತು. ಚಪ್ಪಲಿ ಹಾಕಿಕೊಂಡವರು ಮತ್ತೆ ಬಿಟ್ಟು ಕೂತರು. ಅವನು ನಿಲ್ಲಿಸಲಿಲ್ಲ. ಆ ಬೀದಿಯ ಅರ್ಧ ಗೋಡೆ ಅವನ ಕೈಯಿಂದಲೇ ಎದ್ದದ್ದು. ಯಾರ ಮನೆಯಲ್ಲಿ ಎಷ್ಟು ಸ್ವಿಚ್ಚು, ಯಾರ ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ನೆರಳು ಬೀಳುತ್ತದೆ, ಎಲ್ಲ ಅವನ ತಲೆಯಲ್ಲಿತ್ತು. ಸಿಟ್ಟಿನಿಂದ ಶುರುಮಾಡಿದವನು ಬರಬರುತ್ತಾ ಕೆಲಸದ ಗತ್ತಿಗೆ ಬಂದಿದ್ದ. “ಕ್ಷೌರದಂಗಡಿಗೆ ಬಿಸಿಲೇ ಬೀಳಲ್ಲ. ಇವನ ಪ್ಯಾನಲ್ ಟೈಲರ್ ಮಾಳಿಗೆ ಮೇಲೆ ಇಟ್ಟು ವೈರ್ ಎಳೀಬೇಕು” ಎಂದು ತನಗೆ ತಾನೇ ಹೇಳಿಕೊಂಡು ಬರೆದ.

ನರ್ಸಮ್ಮ ಅವನ ಹೆಗಲ ಮೇಲಿಂದ ಬಗ್ಗಿ ಹಾಳೆ ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ, “ಈಗ ಇದು ಪಟ್ಟಿ” ಅಂದರು. “ನೋಡಿ, ಹೆಚ್ಚು ಕಡಿಮೆ ಎಲ್ಲರಿಗೂ ಬೇಕಾದದ್ದು ಒಂದೇ ಅಳತೆಯ ಸೆಟ್ಟು. ಎಲ್ಲರೂ ಒಂದೇ ಥರದ್ದು ಕೊಂಡಾಗ್ಲೇ ಸಗಟು ರೇಟು ಸಿಗೋದು. ಅಕ್ಕ, ನಿಮ್ಮ ಇಸ್ತ್ರಿ ಪೆಟ್ಟಿಗೆ ಮಾತ್ರ ಇದರಲ್ಲಿ ಆಗಲ್ಲ. ಅದು ಬ್ಯಾಟರಿನ ಕ್ಷಣದಲ್ಲಿ ನುಂಗಿಬಿಡುತ್ತೆ.”

“ಮತ್ತೆ ಇವಳ ಮೊಟ್ಟೆ ಪೆಟ್ಟಿಗೆಯೂ ಬಿಸಿ ಮಾಡುತ್ತಲ್ಲ?” ಎಂದು ನಾನು ಕೇಳಿದೆ.

“ಅದು ಮುಚ್ಚಿದ ಪೆಟ್ಟಿಗೆ ಅಕ್ಕ. ಹಳೇ ಕಾಲದ ಒಂದು ಬಲ್ಬು ಎಳೆಯೋಷ್ಟು ಕರೆಂಟು ಸಾಕು. ಒಂದಿಡೀ ಹಗಲು ಧೈರ್ಯವಾಗಿ ನಡೆಯುತ್ತೆ.”

ಆಗ ನನ್ನ ತಮ್ಮನ ಹೆಂಡತಿ ಮುಂದೆ ಬಂದಳು. ಗಂಡನ ಕೈಯ ಹಾಳೆಯ ಮೇಲೆ ಬೆರಳಿಟ್ಟಳು.

“ರೀ, ಎಲ್ಲರ ಮನೆಯದ್ದೂ ತಿದ್ದಿದ್ರಿ. ನಮ್ಮ ಮನೆ ಮುಂದೆ ಯಾಕೆ ಖಾಲಿ ಬಿಟ್ಟಿದ್ದೀರಿ?”

ಅವನ ನಗು ಇಳಿಯಿತು. “ಮಾರೋರನ್ನ ಕಣ್ಣಾರೆ ನೋಡಿ ಮಾತಾಡದೆ ನಾನು ಬರೆಯಲ್ಲ” ಎಂದ.

ಹೊಸ ಪಟ್ಟಿಗೆ ಮೂರೇ ದಿನದಲ್ಲಿ ಮೂರು ಕಂಪನಿಗಳಿಂದ ರೇಟು ತರಿಸಿದೆವು. ಮೂರೂ ಕಡೆಯವರನ್ನು ಜಗಲಿಗೇ ಕರೆಸಿದೆವು. ಎಲ್ಲರಿಗಿಂತ ಕಡಿಮೆ ಹೇಳಿದವನು ಇಸ್ತ್ರಿಯಾದ ಅಂಗಿ ಹಾಕಿ ಬಂದಿದ್ದ. ನನಗೆ ಮೆಚ್ಚುಗೆಯಾಯಿತು.

ನನ್ನ ತಮ್ಮ ಕೇಳಿದ, “ಬ್ಯಾಟರಿಗೆ ಎಷ್ಟು ವರ್ಷದ ಗ್ಯಾರಂಟಿ?”

“ನನ್ನ ಮಾತೇ ಗ್ಯಾರಂಟಿ ಅಣ್ಣ.”

“ಆ ಮಾತನ್ನ ಕಾಗದದ ಮೇಲೆ ಬರೆದು ಸೀಲ್ ಹಾಕಿ ಕೊಡಪ್ಪ. ಕೆಟ್ಟರೆ ರಿಪೇರಿಗೆ ಯಾರು ಬರ್ತಾರೆ? ಎಷ್ಟು ದಿನದೊಳಗೆ?”

“ಅದು... ಆಫೀಸಲ್ಲಿ ಕೇಳಬೇಕು.”

“ಕೇಳ್ಕೊಂಡೇ ಬಾ. ನಾವು ಇಲ್ಲೇ ಇರ್ತೀವಿ.”

ಅವನು ಹೋದ ಮೇಲೆ ಟೈಲರ್ ಗೊಣಗಿದ, “ಕಡಿಮೆಗೆ ಕೊಡ್ತಿದ್ದೋನ್ನ ಓಡಿಸಿಬಿಟ್ಟೆಯಲ್ಲೋ ಮೇಸ್ತ್ರಿ.”

ನನ್ನ ತಮ್ಮ ತಲೆ ತಗ್ಗಿಸಿದ. ಎರಡು ವರ್ಷದಲ್ಲಿ ಮೊದಲ ಸಲ ಆ ಮಾತನ್ನು ಬಾಯಿಬಿಟ್ಟು ಹೇಳಿದ. “ನಾನು ಅವತ್ತು ಇದೇ ಪ್ರಶ್ನೆ ಕೇಳಲಿಲ್ಲ. ಗೊತ್ತಿರಲಿಲ್ಲ ಅಂತಲ್ಲ. ಕೇಳೋಕೆ ನಾಚಿಕೆ ಆಯ್ತು. ಇವನಿಗೇನೂ ಗೊತ್ತಿಲ್ಲ ಅಂದ್ಕೋತಾನೇನೋ ಅಂತ. ನನ್ನ ದುಡ್ಡು ಹೋಯ್ತು, ಹೋಗಲಿ. ನಿಮ್ಮೆಲ್ಲರದ್ದೂ ಹೋಗೋಕೆ ನಾನು ಬಿಡಲ್ಲ.”

ಅವನನ್ನು ನೋಡಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಜೊತೆಗೇ, ನೋಡಿ, ಅಷ್ಟು ಹೆಮ್ಮೆ ಆ ಹುಡುಗನ ಮೇಲೆ ನನಗೆ ಹಿಂದೆಂದೂ ಆಗಿರಲಿಲ್ಲ.

ಎರಡನೆಯ ಕಂಪನಿಯವರು ಎಲ್ಲವನ್ನೂ ಬರೆದುಕೊಟ್ಟರು. ಬ್ಯಾಟರಿಗೆ ಐದು ವರ್ಷದ ಗ್ಯಾರಂಟಿ, ಕೆಟ್ಟರೆ ಮೂರು ದಿನದೊಳಗೆ ರಿಪೇರಿ. ಸಣ್ಣಪುಟ್ಟದ್ದನ್ನು ನಾವೇ ನೋಡಿಕೊಳ್ಳಲು ಬೀದಿಯ ಇಬ್ಬರಿಗೆ ತರಬೇತಿ. ಸ್ವಲ್ಪ ಮುಂಗಡ ಮೊದಲು, ಉಳಿದದ್ದು ಕೂರಿಸಿ, ಉರಿಸಿ ತೋರಿಸಿದ ಮೇಲೆ. ಒಬ್ಬೊಬ್ಬರೇ ಹೋಗಿದ್ದರೆ ಆಗುತ್ತಿದ್ದ ಬೆಲೆಗಿಂತ ಮೂರರಲ್ಲಿ ಒಂದು ಭಾಗ ಕಡಿಮೆ. ಒಟ್ಟಿಗೆ ಕೊಡಲಾಗದವರಿಗೆ ನಮ್ಮ ಬೀದಿಯ ಹೆಂಗಸರ ಉಳಿತಾಯ ಸಂಘದಿಂದ ಸಾಲ, ತೀರಿಸಲು ತಿಂಗಳ ಕಂತು. ನನ್ನ ತಮ್ಮ ಆ ಕಾಗದವನ್ನು ಎರಡು ಸಲ ಓದಿದ. ಆಮೇಲೆ ಪಟ್ಟಿ ತೆಗೆದು, ಖಾಲಿ ಬಿಟ್ಟಿದ್ದ ಜಾಗದಲ್ಲಿ ಮೊದಲು ಬರೆದದ್ದು ‘ಮರಿ ಪೆಟ್ಟಿಗೆ’ ಎಂದು. ಬಲ್ಬು, ಫ್ಯಾನು ಅದರ ಕೆಳಗೆ.

ಪೆಟ್ಟಿಗೆ ನೋಡಲು ಬಂದವರಿಗೆ ನನ್ನ ತಮ್ಮನ ಹೆಂಡತಿ ಟೀ ಕೊಟ್ಟಳು, ಪೆಟ್ಟಿಗೆ ಕೊಡಲಿಲ್ಲ. “ಮರಿ ಬೇಕಾದ್ರೆ ಹೇಳಿ, ಮುಂಗಡ ಕೊಟ್ಟು ಹೋಗಿ” ಅಂದಳು ಜಾಣೆ.

ಪ್ಯಾನಲ್‌ಗಳು ಬಂದ ದಿನ ಬೀದಿಯೇ ಬೀದಿಗೆ ಬಂದಿತ್ತು. ಡ್ರೈವರ್ ಏಣಿ ಹಿಡಿದ, ಟೈಲರ್ ವೈರ್ ಎಳೆದ. ಅಷ್ಟೂ ಮಾಳಿಗೆ ಹತ್ತಿ ಇಳಿದ ನನ್ನ ತಮ್ಮನ ಮೊಣಕಾಲು ಮಾರನೆಯ ದಿನ ಅವನ ಮಾತು ಕೇಳಲಿಲ್ಲ.

ಅವಳು ಮತ್ತೆ ನೂರು ಮೊಟ್ಟೆ ಇಟ್ಟಳು. ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದೆ. ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ತಣ್ಣಗಾಯಿತು. ಕರೆಂಟು ಹೋಗಿದೆ ಎಂದು ತಿಳಿದದ್ದೇ ತಡ, ಅವಳ ಮನೆಗೆ ಓಡಿದೆ. ಕೋಣೆಯ ಫ್ಯಾನು ತಿರುಗುತ್ತಿತ್ತು. ಪೆಟ್ಟಿಗೆಯ ದೀಪ ಉರಿಯುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಅದರ ಗಾಜಿಗೆ ಮೂಗು ಒತ್ತಿಕೊಂಡು ಕೂತಿದ್ದರು.

“ಕರೆಂಟ್ ಹೋಗಿದೆ ಕಣ್ರೋ!” ಎಂದು ಕೂಗಿದೆ.

“ಹೌದಾ ಅತ್ತಿಗೆ? ಯಾವಾಗ?” ಎಂದಳು, ತಲೆ ಕೂಡ ತಿರುಗಿಸದೆ.

ಆ ಸಲ ಎಂಬತ್ತಾರು ಮರಿ ಬಂದವು. ಪಕ್ಕದ ಬೀದಿಯವರು ನೋಡಲು ಬಂದರು. ನೋಡಿ, “ನಮ್ಮ ಬೀದಿಗೂ ಬಂದು ಒಂದು ಪಟ್ಟಿ ಮಾಡಿಕೊಡಿ ಮೇಸ್ತ್ರಿಗಳೇ” ಎಂದು ಕೇಳಿದರು. ನನ್ನ ತಮ್ಮ ಹೆಂಡತಿಯ ಮುಖ ನೋಡಿದ. “ಹೋಗಿ ಬನ್ನಿ. ನಿಜ ಬರೆಸಿಕೊಂಡು ಬನ್ನಿ” ಅಂದಳು ಅವಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಕರೆಂಟು ಹೋಗುತ್ತದೆ. ನಿಮ್ಮಲ್ಲೂ ಒಬ್ಬರಿಗೆ ಅದರಿಂದ ಅನ್ನ ಹೋಗುತ್ತದೆ. ಒಬ್ಬರೇ ಹೋಗಿ ಕೈ ಸುಟ್ಟುಕೊಳ್ಳಬೇಡಿ. ಈ ವಾರವೇ ಒಂದು ಜಗಲಿಯಲ್ಲಿ ಸೇರಿ. ಇಲ್ಲದ್ದನ್ನು ಬರೆಯಬೇಡಿ, ಬೇಕಾದದ್ದನ್ನು ಬಿಡಬೇಡಿ. ಮೂರು ಕಡೆ ರೇಟು ಕೇಳಿ, ಗ್ಯಾರಂಟಿಯನ್ನು ಕಾಗದದ ಮೇಲೆ ಪಡೆಯಿರಿ, ಉರಿದ ಮೇಲೆ ಉಳಿದ ದುಡ್ಡು ಕೊಡಿ. ಮೋಸ ಹೋದವರು ನಿಮ್ಮಲ್ಲಿದ್ದರೆ ನಗಬೇಡಿ, ಅವರನ್ನೇ ಮುಂದೆ ಕೂರಿಸಿ.

ನಮ್ಮ ಬೀದಿಯ ಬೆಳಕನ್ನು ನಮಗೆ ಯಾರೂ ದಾನ ಕೊಟ್ಟದ್ದಲ್ಲ. ನಾವು ಮೂವತ್ತನಾಲ್ಕು ಮನೆಯವರು ಸೇರಿ ಕೊಂಡದ್ದು. ನಾಳೆ ನೀವೂ ಹೀಗೆಯೇ ಎದೆ ತಟ್ಟಿ ಹೇಳಿ, ನಾವು ಕೇಳುತ್ತೇವೆ.